ಮಳೆ ಬಿಟ್ಟ ಮೇಲೆ ಹಿತ್ತಲು: ಹಸ್ತದಿಂದ ವಿಶಾಖೆಯವರೆಗಿನ ಕೆಲಸಗಳು

ನವರಾತ್ರಿ ಹತ್ತಿರ ಬಂತೆಂದರೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ಬಿಸಿಲು ಬಂತಲ್ಲ ಅಂತ ಹರಿವೆ ಬೀಜ ಹಾಕಿದೆ, ಅರ್ಧ ಹುಟ್ಟಲೇ ಇಲ್ಲ." "ಬದನೆ ಗಿಡ ಹೂ ಬಿಡೋ ಹೊತ್ತಿಗೆ ನಿಂತ ನಿಲುವಿನಲ್ಲೇ ಬಾಡಿತು." "ಡಿಸೆಂಬರ್ ಬಂದರೆ ಎಷ್ಟು ನೀರು ಹೊಯ್ದರೂ ಸಾಲದು." ಇಂಥ ಕಡೆ ಹೆಚ್ಚಿನ ಸಲ ತಪ್ಪಿರುವುದು ಬೀಜದಲ್ಲಲ್ಲ, ಮಣ್ಣು ಹದ ಮಾಡಿದ ಕ್ರಮದಲ್ಲಿ. ಮಲೆನಾಡು ಮತ್ತು ಕರಾವಳಿಯ ಹಿತ್ತಲಿನಲ್ಲಿ ಅಕ್ಟೋಬರ್ ಮೊದಲ ವಾರ ನೀರನ್ನು ಹೊರಗೆ ಕಳಿಸುವ ಕೆಲಸ. ನವೆಂಬರ್ ಮುಗಿಯುವಷ್ಟರಲ್ಲಿ ಅದೇ ಮಡಿ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುವ ಕೆಲಸ. ಎರಡರ ನಡುವೆ ಸಿಗುವುದು ಆರೇಳು ವಾರ ಮಾತ್ರ.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ ಹಸ್ತ (ಸೆಪ್ಟೆಂಬರ್ 27ರ ಸುಮಾರಿಗೆ ಆರಂಭ), ಚಿತ್ತೆ (ಅಕ್ಟೋಬರ್ 10), ಸ್ವಾತಿ (ಅಕ್ಟೋಬರ್ 24), ವಿಶಾಖೆ (ನವೆಂಬರ್ 6). ಮುಂದಿನ ಹಂತಗಳೆಲ್ಲ ಈ ನಾಲ್ಕರೊಳಗೆ ಬರುತ್ತವೆ. ಬಯಲುಸೀಮೆಯವರು, ಅದರಲ್ಲೂ ಮೈಸೂರು, ತುಮಕೂರು, ಕೋಲಾರದ ಕಡೆಯವರು ಎರಡು ವಾರ ಮುಂದಕ್ಕೆ ಹಾಕಿಕೊಳ್ಳಿ. ಅಲ್ಲಿ ಹಿಂಗಾರು ಮಳೆ ನವೆಂಬರ್‌ವರೆಗೂ ಎಳೆಯುತ್ತದೆ.

ಏನೇನು ಬೇಕು

ನಾಲ್ಕೈದು ಜನರ ಮನೆಗೆ ಒಂದು ಗುಂಟೆ (1,089 ಚದರಡಿ) ಧಾರಾಳವಾಗಿ ಸಾಕು. ಹೊಸದಾಗಿ ಶುರು ಮಾಡುವವರು ಅರ್ಧ ಗುಂಟೆಯಿಂದ ಹೊರಡಿ. ಈ ಲೇಖನದಲ್ಲಿ ಒಂದು ಮಡಿ ಎಂದರೆ ಮೂರಡಿ ಅಗಲ, ಹತ್ತಡಿ ಉದ್ದ. ಎಲ್ಲ ಪ್ರಮಾಣವೂ ಆ ಲೆಕ್ಕದ್ದೇ.

ಒಂದು ಮಡಿಗೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 8ರಿಂದ 10 ಕಿಲೋ, ಕೃಷಿ ಸುಣ್ಣ 300 ಗ್ರಾಂ, ಬೇವಿನ ಹಿಂಡಿ 300 ಗ್ರಾಂ, ಸುಡುಮಣ್ಣು (ಕಳೆ, ಕಡ್ಡಿಗಳ ಜೊತೆ ಸುಟ್ಟ ಮಣ್ಣು, ಮಾಡುವ ಕ್ರಮ ಮೂರನೇ ಹಂತದಲ್ಲಿದೆ) ಒಂದು ಬುಟ್ಟಿ, ಹೊದಿಕೆಗೆ ಎರಡು ಮೂರು ಹೆಡಿಗೆ ತರಗೆಲೆ. ಹತ್ಯಾರಗಳಲ್ಲಿ ಗುದ್ದಲಿ, ಹಾರೆ, ಕತ್ತಿ, ಕೈಯಲ್ಲಿ ಹಿಡಿಯುವ ಸಣ್ಣ ಕಳೆಗುದ್ದಲಿ. ಮೊಣಕಾಲಿನ ತನಕ ಬರುವ ಗಮ್‌ಬೂಟು ಇಲ್ಲದಿದ್ದರೆ ಕೊಂಡುಕೊಳ್ಳಿ. ಯಾಕೆ ಎಂಬುದು ಎರಡನೇ ಹಂತದಲ್ಲಿದೆ.

ಮಡಿಗಳ ಸಂಖ್ಯೆ ನಿರ್ಧರಿಸುವಾಗ ಬಾವಿಯಲ್ಲಿ ಈಗಿರುವ ನೀರನ್ನು ನೋಡಬೇಡಿ. ಬಿಸಿಲು ಬಲಿತ ಮೇಲೆ ಇಷ್ಟು ದೊಡ್ಡ ಮಡಿಗೆ ದಿನಕ್ಕೆ 12ರಿಂದ 15 ಲೀಟರ್ ನೀರು ಬೇಕು. ಹನ್ನೆರಡು ಮಡಿಯಾದರೆ ದಿನಕ್ಕೆ 180 ಲೀಟರ್ ತನಕ. ಫೆಬ್ರವರಿಯಲ್ಲಿ ನಿಮ್ಮ ಬಾವಿ ಅಷ್ಟು ಕೊಡುತ್ತದೆಯೇ ಎಂದು ಯೋಚಿಸಿ ಮಡಿ ಎತ್ತಿ.

ಹಂತ 1: ನೀರಿನ ದಾರಿ ಬಿಡಿಸುವುದು

ಹಸ್ತ ಮಳೆಯ ಬಿಡುವಿನಲ್ಲಿ ಮೊದಲು ಬಸಿಗಾಲುವೆಗಳನ್ನು, ಅಂದರೆ ನಿಂತ ನೀರು ಹರಿದುಹೋಗುವ ಕಾಲುವೆಗಳನ್ನು ಬಿಡಿಸಿ. ನಾಲ್ಕು ತಿಂಗಳ ಮಳೆಗೆ ಅವು ಮಣ್ಣು ತುಂಬಿ ಅರ್ಧ ಮುಚ್ಚಿರುತ್ತವೆ. ತೆಗೆದ ಹೂಳನ್ನು ಚೆಲ್ಲಬೇಡಿ, ಬಾಳೆ ಬುಡಕ್ಕೆ ಹಾಕಿ. ತರಕಾರಿ ಮಾಡುವ ಜಾಗದ ಸುತ್ತ ಒಂದಡಿ ಆಳದ ಕಾಲುವೆ ಇದ್ದರೆ ಚಿತ್ತೆಯ ಗುಡುಗು ಮಳೆ ಬಂದರೂ ಮಡಿಯಲ್ಲಿ ನೀರು ನಿಲ್ಲುವುದಿಲ್ಲ. ಅಡಿಕೆ ಹಾಳೆ, ಗೆರಟೆ, ಒಡೆದ ಮಡಕೆಗಳಲ್ಲಿ ನಿಂತ ನೀರನ್ನು ಅದೇ ದಿನ ಚೆಲ್ಲಿಬಿಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ಸ್ವಚ್ಛ ನಿಂತ ನೀರಿನಲ್ಲೇ.

ಹಂತ 2: ಕಳೆ

ಕಳೆ ಬೀಜ ಕಟ್ಟುವ ಮೊದಲು ತೆಗೆಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ನವರಾತ್ರಿ ಕಳೆದರೆ ಹೆಚ್ಚಿನ ಹುಲ್ಲುಗಳಲ್ಲಿ ತೆನೆ ಬಂದಿರುತ್ತದೆ. ಆಮೇಲೆ ಸವರಿದರೆ ನೀವೇ ಬೀಜ ಬಿತ್ತಿದಂತೆ.

ಹೂ ಬಿಡದ ಮೆದು ಕಳೆ ಗೊಬ್ಬರದ ಗುಂಡಿಗೆ ಹೋಗಲಿ. ತೆನೆ ಬಂದದ್ದನ್ನು ಬೇರೆ ರಾಶಿ ಹಾಕಿ, ಸುಡುಮಣ್ಣಿಗೆ ಬೇಕಾಗುತ್ತದೆ. ಗರಿಕೆ ಮತ್ತು ಜೇಕು ಎರಡೂ ಗುಂಡಿಗೆ ಬೇಡ. ಜೇಕನ್ನು ಗುದ್ದಲಿಯಿಂದ ಕೊಚ್ಚುವುದು ಎಲ್ಲರೂ ಮಾಡುವ ತಪ್ಪು. ಮಣ್ಣಿನಡಿ ಅದರ ಗೆಡ್ಡೆಗಳು ಸರದಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಕೊಚ್ಚಿದರೆ ಒಂದೊಂದು ಗೆಡ್ಡೆಯೂ ಬೇರೆ ಗಿಡವಾಗಿ ಏಳುತ್ತದೆ. ಮಣ್ಣು ಹಸಿಯಿರುವಾಗ ಹಾರೆ ಹಾಕಿ ಸಡಿಲಿಸಿ, ಗೆಡ್ಡೆ ಸಮೇತ ಎಳೆದು, ಕಲ್ಲಿನ ಮೇಲೆ ಹರಡಿ ಒಣಗಿಸಿ ಸುಡಿ.

ಕಳೆರಾಶಿ, ಹಳೆಯ ಸೌದೆ, ಹಂಚಿನ ರಾಶಿ ಸರಿಸುವಾಗ ಕೈ ಹಾಕಬೇಡಿ. ಮೊದಲು ಉದ್ದ ಕೋಲಿನಿಂದ ಅಲುಗಾಡಿಸಿ. ಮಳೆಗಾಲದಲ್ಲಿ ಬೆಚ್ಚನೆ ಜಾಗ ಹುಡುಕಿ ಬಂದ ಹಾವುಗಳು ಇನ್ನೂ ಅಲ್ಲೇ ಇರುತ್ತವೆ. ಗಮ್‌ಬೂಟು ಹಾವಿಗೆ ಮಾತ್ರವಲ್ಲ, ಇಲಿಜ್ವರಕ್ಕೂ ಬೇಕು. ಇಲಿ ಉಚ್ಚೆ ಬೆರೆತ ಕೆಸರು ಕಾಲಿನ ಗಾಯ, ಬಿರುಕುಗಳಿಗೆ ತಾಗಿದರೆ ರೋಗಾಣು ಒಳಸೇರುತ್ತದೆ. ಕೆಸರಿನಲ್ಲಿ ಕೆಲಸ ಮಾಡಿದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕಷಾಯ ಕುಡಿದು ಕಾಯಬೇಡಿ, ಆಸ್ಪತ್ರೆಗೆ ಹೋಗಿ ಕೆಸರಲ್ಲಿ ಕೆಲಸ ಮಾಡಿದ್ದನ್ನು ಹೇಳಿ.

ಹಂತ 3: ಮಣ್ಣು

ಅಗೆಯುವ ಮೊದಲು ಹದ ನೋಡಿ. ಗೇಣುದ್ದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಉಂಡೆ ಪುಡಿಯಾದರೆ ಅಗೆಯಬಹುದು. ಹಾಗೇ ಉಂಡೆಯಾಗಿ ಬಿದ್ದರೆ ಮೂರು ನಾಲ್ಕು ದಿನ ಕಾಯಿರಿ. ಹಸಿ ಹೆಚ್ಚಿದ್ದಾಗ ಅಗೆದ ಕೆಂಪು ಮಣ್ಣು ಒಣಗಿದ ಮೇಲೆ ಇಟ್ಟಿಗೆ ಹೆಂಟೆಯಾಗುತ್ತದೆ, ಆ ಹೆಂಟೆ ಇಡೀ ಬೇಸಿಗೆ ನಿಮ್ಮನ್ನು ಕಾಡುತ್ತದೆ. ಬೀಜ ಹುಟ್ಟಲಿಲ್ಲ ಎನ್ನುವವರ ಮಡಿಯಲ್ಲಿ ಮೊದಲು ನೋಡಬೇಕಾದ್ದು ಹೆಂಟೆಯನ್ನೇ. ಹೆಂಟೆಗಳ ಸಂದಿಗೆ ಜಾರಿದ ಹರಿವೆ ಬೀಜ ಮೇಲೆ ಬರಲಾರದು.

ಹದ ಸಿಕ್ಕಿದ ದಿನ ಮುಕ್ಕಾಲಡಿ ಆಳ ಅಗೆದು, ಹೆಂಟೆ ಒಡೆದು, ಎರಡು ದಿನ ಬಿಸಿಲಿಗೆ ಬಿಡಿ. ಆಮೇಲೆ ಸುಣ್ಣ.

ನಮ್ಮ ಕಡೆ ಜೋರು ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಕೊಂಡು ಹೋಗುವುದರಿಂದ ಮಣ್ಣು ಹುಳಿಯಾಗಿರುತ್ತದೆ. ಮಡಿಗೆ 300 ಗ್ರಾಂ ಕೃಷಿ ಸುಣ್ಣವನ್ನು ಸಮನಾಗಿ ಎರಚಿ ಮಣ್ಣಿನಲ್ಲಿ ಬೆರೆಸಿ. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಬೇಡ, ಅದು ಬಲು ಚುರುಕು, ಅಳತೆ ತಪ್ಪಿದರೆ ಬೇರು ಸುಡುತ್ತದೆ. ಸುಣ್ಣ ಹಾಕಿದ ದಿನವೇ ಗೊಬ್ಬರ ಹಾಕುವುದೂ ತಪ್ಪು. ಸುಣ್ಣ ತಾಗಿದರೆ ಗೊಬ್ಬರದ ಸಾರಜನಕ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ, ಮೂಗಿಗೆ ಘಾಟು ಬಡಿಯುವುದು ಅದೇ. ಎರಡರ ನಡುವೆ ಹತ್ತರಿಂದ ಹದಿನೈದು ದಿನ ಬಿಡುವಿರಲಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅವರು ಬರೆದುಕೊಟ್ಟ ಪ್ರಮಾಣವನ್ನೇ ಹಾಕಿ.

ಈ ಬಿಡುವಿನ ದಿನಗಳಲ್ಲಿ ಸುಡುಮಣ್ಣು ಮಾಡಿಕೊಳ್ಳಿ. ಹುಲ್ಲುಬಣವೆ, ಸೌದೆ ಕೊಟ್ಟಿಗೆಯಿಂದ ದೂರ ಜಾಗ ಹುಡುಕಿ. ಕೆಳಗೆ ಒಣ ಕಡ್ಡಿ ಮತ್ತು ತರಗೆಲೆ ಒಂದು ಗೇಣು, ಅದರ ಮೇಲೆ ಅರೆ ಒಣಗಿದ ಕಳೆ, ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು. ಹೀಗೆ ಎರಡು ಮೂರು ಪದರ. ಗಾಳಿ ಬರುವ ಕಡೆ ಬುಡದಲ್ಲಿ ಒಂದು ಕಿಂಡಿ ಬಿಟ್ಟು ಅಲ್ಲಿಂದ ಬೆಂಕಿ ಕೊಡಿ. ಇದು ಉರಿಯಬಾರದು, ಒಳಗೊಳಗೇ ಕನಲಬೇಕು. ಎಲ್ಲಾದರೂ ಜ್ವಾಲೆ ಕಂಡರೆ ಆ ಜಾಗಕ್ಕೆ ಒಂದು ಬುಟ್ಟಿ ಮಣ್ಣು ಹಾಕಿ. ಎರಡು ಮೂರು ದಿನದಲ್ಲಿ ಹೊಗೆ ಸಣ್ಣಗಾಗುತ್ತದೆ, ಆಗ ಬಿಚ್ಚಿ, ನೀರು ಚಿಮುಕಿಸಿ, ಜರಡಿ ಹಿಡಿಯಿರಿ. ಕಪ್ಪುಗಂದು ಬಣ್ಣ ಸರಿ. ಇಟ್ಟಿಗೆಗೆಂಪಾಗಿದ್ದರೆ ಹೆಚ್ಚು ಬೆಂದಿದೆ, ಅದರಲ್ಲಿ ಸಾರ ಕಡಿಮೆ.

ಸುಡುಮಣ್ಣಿನಲ್ಲಿ ಕಳೆ ಬೀಜ, ಜಂತುಹುಳು (ಬೇರಿನಲ್ಲಿ ಗಂಟು ಕಟ್ಟಿಸುವ ಕಣ್ಣಿಗೆ ಕಾಣದ ಹುಳ) ಸತ್ತಿರುತ್ತವೆ, ಬೂದಿಯ ಪೊಟ್ಯಾಷ್ ಸೇರಿರುತ್ತದೆ. ಹಾಗಂತ ಹಿತ್ತಲಿನ ತರಗೆಲೆಯನ್ನೆಲ್ಲ ಇದಕ್ಕೇ ಸುರಿಯುವುದು ದುಂದು. ಬೀಜ ಬಿತ್ತುವ ಮಡಿಯ ಮೇಲ್ಪದರಕ್ಕೆ, ಬಸಳೆ ಮತ್ತು ಬಳ್ಳಿ ತರಕಾರಿಯ ಗುಣಿಗೆ ಆಗುವಷ್ಟು ಮಾಡಿದರೆ ಸಾಕು. ಉಳಿದ ಎಲೆ ಹೊದಿಕೆಗೆ ಬೇಕು.

ಹಂತ 4: ಮಡಿ ಎತ್ತುವುದು

ಚಿತ್ತೆ ಮಳೆಯಿರುವಾಗ ಎತ್ತುವ ಮಡಿ ಆರರಿಂದ ಎಂಟು ಇಂಚು ಎತ್ತರವಿರಲಿ. ಮಡಿಗಳ ನಡುವೆ ಒಂದೂವರೆ ಅಡಿ ದಾರಿ. ಅಗಲ ಮೂರಡಿಗಿಂತ ಹೆಚ್ಚಾದರೆ ನಡುವಿನ ಕಳೆ ತೆಗೆಯಲು ಮಡಿ ತುಳಿಯಬೇಕಾಗುತ್ತದೆ, ತುಳಿದಲ್ಲಿ ಬೇರು ಇಳಿಯುವುದಿಲ್ಲ. ಇಳಿಜಾರಿನ ಹಿತ್ತಲಾದರೆ ಮಡಿ ಇಳಿಜಾರಿಗೆ ಅಡ್ಡವಾಗಿರಲಿ.

ಸ್ವಾತಿ ಕಳೆದ ಮೇಲೆ ಹೊಸ ಮಡಿ ಎತ್ತುವವರು ಎತ್ತರ ಮಾಡಬೇಡಿ. ನೆಲಮಟ್ಟಕ್ಕೇ ಮಡಿ ಮಾಡಿ, ಅಂಚಿಗೆ ಮೂರು ಬೆರಳು ಎತ್ತರದ ಏರಿ ಕಟ್ಟಿ. ಡಿಸೆಂಬರಿನಲ್ಲಿ ಎಷ್ಟು ಹೊಯ್ದರೂ ನೀರು ಸಾಲದು ಎನ್ನುವವರ ಹಿತ್ತಲಿನಲ್ಲಿ ಅಕ್ಟೋಬರಿನ ಏರುಮಡಿ ಹಾಗೇ ಉಳಿದಿರುತ್ತದೆ. ನಾಲ್ಕು ಬದಿಯಿಂದಲೂ ಗಾಳಿ ಹೊಡೆದು ಅದು ಬೇಗ ಆರುತ್ತದೆ. ಮೊದಲೇ ಎತ್ತಿದ ಏರುಮಡಿ ಇದ್ದರೆ ನವೆಂಬರ್ ನಡುವಿಗೆ ಓಡಾಡುವ ದಾರಿಗೆ ತರಗೆಲೆ ತುಂಬಿಬಿಡಿ. ಬದಿಗಳು ಮುಚ್ಚಿಕೊಂಡು ತೇವ ಉಳಿಯುತ್ತದೆ.

ಹಂತ 5: ಗೊಬ್ಬರ

ಕಳಿತ ಗೊಬ್ಬರ ಎಂದರೆ ಕೈಯಲ್ಲಿ ಹಿಡಿದಾಗ ಬಿಸಿಯಿಲ್ಲದ, ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬರುವ ಗೊಬ್ಬರ. ಅರೆ ಕಳಿತದ್ದು ಹಾಕಿದರೆ ಗೊಬ್ಬರದ ಹುಳು, ಗೆದ್ದಲು, ಕಳೆ ಬೀಜ ಮೂರೂ ಜೊತೆಗೆ ಬರುತ್ತವೆ.

ಮಡಿ ಎತ್ತುವುದಕ್ಕೆ ಎರಡು ವಾರ ಮೊದಲೇ ಗೊಬ್ಬರಕ್ಕೆ ಟ್ರೈಕೋಡರ್ಮಾ ಸೇರಿಸಿಟ್ಟರೆ ಒಳ್ಳೆಯದು. ಇದು ಬೇರು ಕೊಳೆಸುವ ಶಿಲೀಂಧ್ರಗಳನ್ನು ಹತ್ತಿಕ್ಕುವ ಇನ್ನೊಂದು ಶಿಲೀಂಧ್ರ. ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಗೊಬ್ಬರದಂಗಡಿಗಳಲ್ಲಿ ಪುಡಿಯಾಗಿ ಸಿಗುತ್ತದೆ. 100 ಕಿಲೋ ಗೊಬ್ಬರಕ್ಕೆ ಒಂದು ಕಿಲೋ ಪುಡಿ, ಹತ್ತು ಕಿಲೋ ಬೇವಿನ ಹಿಂಡಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ರಾಶಿ ಹಾಕಿ ಗೋಣಿಚೀಲ ಮುಚ್ಚಿ. ವಾರಕ್ಕೊಮ್ಮೆ ತಿರುವಿ. ಹಿಂಡಿಯನ್ನು ಇಲ್ಲಿ ಬೆರೆಸಿದ್ದರೆ ಮಡಿಗೆ ಬೇರೆ ಹಾಕುವುದು ಬೇಡ. ರಾಶಿಗೆ ಬೂದಿ, ಸುಣ್ಣ, ಮೈಲುತುತ್ತದ ದ್ರಾವಣ ಯಾವುದೂ ತಾಗಬಾರದು. ಟ್ರೈಕೋಡರ್ಮಾ ಸತ್ತುಹೋಗುತ್ತದೆ, ನಿಮ್ಮ ದುಡ್ಡೂ ಹೋಗುತ್ತದೆ.

ಬಚ್ಚಲ ಒಲೆಯ ಬೂದಿ ಒಳ್ಳೆಯ ವಸ್ತು, ಆದರೆ ಕ್ಷಾರ. ಬೆಳೆದ ಗಿಡಕ್ಕೆ ಬುಡದಿಂದ ಒಂದು ಗೇಣು ದೂರದಲ್ಲಿ ತಿಂಗಳಿಗೊಂದು ಹಿಡಿ ಸಾಕು. ಮಳೆಗೆ ನೆನೆದ ಬೂದಿಯಲ್ಲಿ ಪೊಟ್ಯಾಷ್ ತೊಳೆದುಹೋಗಿರುತ್ತದೆ, ಡಬ್ಬದಲ್ಲಿ ತುಂಬಿ ಒಣಗಿದ ಜಾಗದಲ್ಲಿಡಿ. ಪ್ಲಾಸ್ಟಿಕ್, ಬಣ್ಣದ ಕಾಗದ ಹಾಕಿ ಒಲೆ ಹೊತ್ತಿಸುವ ಮನೆಯಾದರೆ ಆ ಬೂದಿ ತರಕಾರಿಗೆ ಬೇಡ.

ಬಚ್ಚಲ ನೀರಿನ ವಿಚಾರ: ಸ್ನಾನದ ನೀರನ್ನು ಬಾಳೆ, ತೆಂಗಿಗೆ ಹಾಯಿಸಬಹುದು. ಬಟ್ಟೆ ಸೋಪಿನ ಪುಡಿಯ ನೀರು ಸೊಪ್ಪಿನ ಮಡಿಗೆ ಹೋಗಬಾರದು, ಅದರ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ.

ಹಂತ 6: ಬೀಜ ಮತ್ತು ಸಸಿ

ನೇರವಾಗಿ ಮಡಿಗೆ ಬಿತ್ತುವವು ಮತ್ತು ಸಸಿ ಮಾಡಿ ನೆಡುವವು ಎಂದು ಮೊದಲು ಬೇರೆ ಮಾಡಿಕೊಳ್ಳಿ.

ಹರಿವೆ: ಒಂದು ಮಡಿಗೆ ಒಂದು ಚಹಾ ಚಮಚ ಬೀಜ, ಹತ್ತು ಪಟ್ಟು ಒಣ ಮರಳು ಬೆರೆಸಿ ಎರಚಿ. ಮರಳಿಲ್ಲದೆ ಎರಚಿದರೆ ಒಂದೆಡೆ ದಟ್ಟ, ಒಂದೆಡೆ ಬೋಳು. ಮೇಲೆ ಜರಡಿ ಹಿಡಿದ ಸುಡುಮಣ್ಣು ತೆಳ್ಳಗೆ ಉದುರಿಸಿ, ಕಾಲು ಇಂಚಿಗಿಂತ ದಪ್ಪ ಬೇಡ. ಹುಟ್ಟದ ಹರಿವೆಗೆ ಇನ್ನೊಂದು ಕಾರಣ ಇರುವೆ. ಮಡಿಯ ಸುತ್ತ ಒಂದು ಹಿಡಿ ಅಕ್ಕಿ ರವೆ ಚೆಲ್ಲಿ, ಇರುವೆಗಳು ಅದನ್ನು ಹೊತ್ತುಕೊಂಡು ಹೋಗುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. 25ರಿಂದ 30 ದಿನಕ್ಕೆ ಕೊಯ್ಲು. ಒಂದೇ ಸಲ ನಾಲ್ಕು ಮಡಿ ಬಿತ್ತುವುದಕ್ಕಿಂತ ಹತ್ತು ದಿನಕ್ಕೊಂದು ಮಡಿ ಬಿತ್ತಿದರೆ ಮನೆಯವರು ಸೊಪ್ಪಿನ ಮುಖ ನೋಡಿ ಬೇಸರಪಡುವುದು ತಪ್ಪುತ್ತದೆ.

ಮೂಲಂಗಿ: ಅರ್ಧ ಇಂಚು ಆಳ, ಸಾಲಿನಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ ನಾಲ್ಕು ಇಂಚು. ಹತ್ತನೇ ದಿನ ಹೆಚ್ಚಿನವನ್ನು ಕಿತ್ತು ಸೊಪ್ಪಿನ ಪಲ್ಯಕ್ಕೆ ಬಳಸಿ. ಕೀಳಲು ಮನಸ್ಸು ಬಾರದಿದ್ದರೆ ಗೆಡ್ಡೆಯ ಆಸೆ ಬಿಡಿ.

ಬೆಂಡೆ: ಹನ್ನೆರಡು ಗಂಟೆ ನೆನೆಸಿ, ಒಂದೂವರೆ ಅಡಿಗೆ ಒಂದಡಿಯಂತೆ ಎರಡೆರಡು ಬೀಜ. ಚಳಿ ಜೋರಾಗುವ ಊರಿನವರು ಇದನ್ನು ಅಕ್ಟೋಬರಿನಲ್ಲೇ ಮುಗಿಸಿ, ಚಳಿಯಲ್ಲಿ ಬೆಂಡೆ ಮೇಲೇಳುವುದಿಲ್ಲ.

ಕೊತ್ತಂಬರಿ: ಬೀಜವನ್ನು ಎರಡು ಹೋಳಾಗುವಂತೆ ಅಂಗೈಯಲ್ಲಿ ಉಜ್ಜಿ, ಒಂದು ರಾತ್ರಿ ನೆನೆಸಿ ಬಿತ್ತಿ. ಹುಟ್ಟಲು ಹತ್ತರಿಂದ ಹದಿನೈದು ದಿನ ಬೇಕು, ವಾರಕ್ಕೇ ನಿರಾಶರಾಗಿ ಮಡಿ ಕೆದಕಬೇಡಿ. ಗುಡುಗು ಮಳೆಯ ಹನಿಗೆ ನೆಲಕಚ್ಚುವುದರಿಂದ ಸ್ವಾತಿ ಕಳೆದ ಮೇಲೆಯೇ ಬಿತ್ತಿ.

ನವಿಲುಕೋಸು, ಬೀಟ್ರೂಟ್, ಬೀನ್ಸ್ ಘಟ್ಟದ ಮೇಲಿನವರಿಗೆ ಸುಲಭ. ಕರಾವಳಿಯವರು ಆ ಜಾಗಕ್ಕೆ ಅಲಸಂಡೆ ಹಾಕುವುದು ಮೇಲು.

ಈಗ ಬದನೆ, ಟೊಮೆಟೊ, ಮೆಣಸು. ಇವುಗಳ ಬೀಜವನ್ನು ಸೆಪ್ಟೆಂಬರ್ ನಡುವಿಗೇ ಮಾಡಿನ ಕೆಳಗೆ, ಮಳೆ ಹನಿ ಬೀಳದ ಆದರೆ ಬೆಳಕು ಬೀಳುವ ಕಡೆ ಹಾಕಿರಬೇಕು. ಮಣ್ಣು, ಮರಳು, ಗೊಬ್ಬರ ಸಮಪಾಲು. ಟ್ರೇ ಇಲ್ಲದಿದ್ದರೆ ತಳಕ್ಕೆ ತೂತು ಮಾಡಿದ ಅಡಿಕೆ ಹಾಳೆಯೂ ಆಗುತ್ತದೆ. ಸಸಿ ಬುಡದಲ್ಲಿ ಕೊಳೆತು ಮಲಗಿದರೆ ನೀರು ಹೆಚ್ಚಾಗಿದೆ ಎಂದರ್ಥ. ಬೆಳಗ್ಗೆ ಒಮ್ಮೆ ಮಾತ್ರ ನೀರು ಚಿಮುಕಿಸಿ, ಸಂಜೆ ಬೇಡ. ಬದನೆ, ಟೊಮೆಟೊ ನಾಲ್ಕೈದು ಎಲೆ ಬಂದ 25ರಿಂದ 30 ದಿನದ ಸಸಿ ನೆಡಬಹುದು, ಮೆಣಸಿಗೆ ಇನ್ನೂ ಹತ್ತು ದಿನ ಹೆಚ್ಚು. ಬದನೆಗೆ ಎರಡಡಿಗೆ ಎರಡಡಿ, ಟೊಮೆಟೊಗೆ ಎರಡಡಿಗೆ ಒಂದೂವರೆ ಅಡಿ. ಮೋಡದ ದಿನ ಅಥವಾ ಸಂಜೆ ನೆಟ್ಟು ಮೂರು ದಿನ ಸೊಪ್ಪಿನ ನೆರಳು ಕೊಡಿ. ಉಡುಪಿಯ ಮಟ್ಟು ಗುಳ್ಳ ಬದನೆ ಬೆಳೆಯುವವರೂ ಮಳೆ ಹಿಂದೆ ಸರಿಯುವ ಈ ಹೊತ್ತಿಗೇ ಸಸಿ ನೆಡುತ್ತಾರೆ.

ಇವುಗಳ ದೊಡ್ಡ ಶತ್ರು ದುಂಡಾಣು ಸೊರಗು ರೋಗ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ನಿನ್ನೆ ಹಸುರಾಗಿದ್ದ ಗಿಡ ಇಂದು ಮಧ್ಯಾಹ್ನ ಎಲೆ ಹಳದಿಯಾಗದೆಯೇ ಬಾಡುತ್ತದೆ. ನೀರು ಸಾಲಲಿಲ್ಲವೆಂದು ಇನ್ನಷ್ಟು ಹೊಯ್ಯುತ್ತೀರಿ, ರೋಗ ಆ ನೀರಿನ ಜೊತೆ ಪಕ್ಕದ ಗಿಡಕ್ಕೆ ಹೋಗುತ್ತದೆ. ಅನುಮಾನ ಬಂದರೆ ಕಾಂಡದ ಬುಡವನ್ನು ಓರೆಯಾಗಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದೇ ರೋಗ. ಔಷಧಿ ಹುಡುಕಿ ಅಲೆಯಬೇಡಿ. ಗಿಡವನ್ನು ಬೇರಿನ ಮಣ್ಣು ಸಮೇತ ಕಿತ್ತು ಸುಡಿ, ಆ ಗುಣಿಗೆ ಬ್ಲೀಚಿಂಗ್ ಪುಡಿ ಹಾಕಿ. ಆ ಮಡಿಯಲ್ಲಿ ಮೂರು ವರ್ಷ ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಯಾವುದೂ ಬೇಡ. ಜಾಗ ಬದಲಿಸಲು ಆಗದವರು ರೋಗ ತಡೆಯುವ ತಳಿ ತನ್ನಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ, ಅರ್ಕಾ ನಿಧಿ ಬದನೆ ಇಂಥವು. ಇಲ್ಲವೆಂದರೆ ಕಾಡು ಸುಂಡೆ ಗಿಡಕ್ಕೆ ಬದನೆ ಕಸಿ ಕಟ್ಟಿ. ಸುಂಡೆಯ ಬೇರು ಈ ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಇನ್ನೊಂದು ಪ್ರಶ್ನೆ ಪದೇ ಪದೇ ಬರುವುದು ಅವರೆಯದ್ದು: ಬಳ್ಳಿ ಚಪ್ಪರ ತುಂಬಿದೆ, ಹೂವೇ ಇಲ್ಲ. ಊರ ಅವರೆ ಹಗಲು ಸಣ್ಣದಾಗದೆ ಹೂ ಬಿಡುವ ಜಾತಿಯಲ್ಲ. ಕಡಿದು ಹಾಕಬೇಡಿ, ಗೊಬ್ಬರ ನಿಲ್ಲಿಸಿ ಚಳಿ ಬರುವ ತನಕ ಸುಮ್ಮನಿರಿ.

ಹಂತ 7: ಬಸಳೆ ಚಪ್ಪರ

ಬಲಿತ ಬಳ್ಳಿಯಿಂದ ಮೂರು ನಾಲ್ಕು ಗೆಣ್ಣಿರುವ ಒಂದಡಿ ತುಂಡು ಕತ್ತರಿಸಿ, ಎಲೆ ತೆಗೆದು, ಒಂದು ದಿನ ನೆರಳಿನಲ್ಲಿ ಬಾಡಿಸಿ. ಎರಡಡಿಗೊಂದರಂತೆ ಗುಣಿ ತೆಗೆದು ಗೊಬ್ಬರ, ಸುಡುಮಣ್ಣು ತುಂಬಿ, ಎರಡು ಗೆಣ್ಣು ಮಣ್ಣಿನಲ್ಲಿ ಹೋಗುವಂತೆ ಓರೆಯಾಗಿ ಊರಿ. ಚಪ್ಪರಕ್ಕೆ ಅಡಿಕೆ ದಬ್ಬೆ ಸಾಕು. ಎತ್ತರ ನಾಲ್ಕೈದು ಅಡಿ, ಮನೆಯಲ್ಲಿ ಸೊಪ್ಪು ಕೊಯ್ಯುವವರ ಕೈಗೆ ಎಟುಕುವಷ್ಟು. ಹದಿನೈದು ದಿನಕ್ಕೊಮ್ಮೆ ಸಗಣಿ ನೀರು ಕೊಡಿ. ಎಲೆಯಲ್ಲಿ ಕೆಂಪು ಅಂಚಿನ ಚುಕ್ಕಿ ಬಂದರೆ ಆ ಎಲೆ ಕಿತ್ತು ಸುಡಿ, ಎಲೆಯ ಮೇಲೆ ನೀರು ಹೊಯ್ಯುವುದು ನಿಲ್ಲಿಸಿ. ಹಳೆಯ ಬುಡ ಕಿತ್ತಾಗ ಬೇರಿನಲ್ಲಿ ಗಂಟುಗಳು ಕಂಡರೆ ಅದು ಜಂತುಹುಳುವಿನ ಕೆಲಸ, ಮುಂದಿನ ವರ್ಷ ಚಪ್ಪರದ ಜಾಗ ಬದಲಿಸಲೇಬೇಕು.

ಹಂತ 8: ಹೊದಿಕೆ

ಹೊದಿಕೆ ಹಾಕುವ ಸಮಯ ತಪ್ಪುವವರು ಬಹಳ. ಮಳೆ ಇರುವಾಗಲೇ ಹಾಕಿದರೆ ಸಸಿ ಬುಡ ಕೊಳೆಯುತ್ತದೆ, ಬಸವನಹುಳುವಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ನೆಲ ಒಣಗಿದ ಮೇಲೆ ಹಾಕಿದರೆ ಉಳಿಸಲು ತೇವವೇ ಇರುವುದಿಲ್ಲ. ಕೊನೆಯ ಗುಡುಗು ಮಳೆ ಬಂದು ನಾಲ್ಕೈದು ದಿನ ಬಿಸಿಲು ಬಿದ್ದಾಗ, ಮೇಲ್ಮಣ್ಣು ಆರಿ ಒಂದು ಇಂಚು ಕೆಳಗೆ ಹಸಿಯಿರುವಾಗ ಹಾಕಿ. ಸಾಮಾನ್ಯವಾಗಿ ಅದು ದೀಪಾವಳಿ ಆಸುಪಾಸು. ಒಂದು ಸಲ ಕಳೆ ತೆಗೆದು, ಮೂರು ಇಂಚು ದಪ್ಪ ತರಗೆಲೆ ಹರಡಿ, ಗಿಡದ ಬುಡದ ಸುತ್ತ ಮೂರು ಬೆರಳು ಬಿಡಿ. ಹೊದಿಕೆ ಸರಿಯಾಗಿದ್ದರೆ ನೀರು ದಿನ ಬಿಟ್ಟು ದಿನ ಸಾಕಾಗುತ್ತದೆ.

ಕಾಡಿನಿಂದ ದರಕು (ಉದುರಿದ ಒಣ ಎಲೆ) ತರುವ ಮಲೆನಾಡಿನವರು ಇದನ್ನು ನವೆಂಬರ್ ಒಳಗೆ ಮುಗಿಸಿಕೊಳ್ಳಿ. ಮಂಗನ ಕಾಯಿಲೆ ಹರಡುವ ಉಣ್ಣೆಯ ಮರಿಗಳು ಒಣ ಎಲೆಯಲ್ಲೇ ಇರುತ್ತವೆ, ಕಾಯಿಲೆ ಹೆಚ್ಚಾಗಿ ಕಾಣುವುದು ಡಿಸೆಂಬರಿನಿಂದ ಮೇ ತನಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆ ಈಗ ಅಲ್ಲಿಗಷ್ಟೇ ಸೀಮಿತವಲ್ಲ. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ ಆ ಕಾಡಿಗೆ ಹೋಗಲೇಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಹೋಗುವುದಿದ್ದರೆ ಮೈತುಂಬ ಬಟ್ಟೆ, ಉಣ್ಣೆ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ. ದರಕಿನ ಹೊರೆಯ ಮೇಲೆ ಕೂರಬೇಡಿ, ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ.

ಹಂತ 9: ಕಾವಲು

ಬಸವನಹುಳುವಿಗೆ ಮಡಿಯ ಮೇಲೆ ಉಪ್ಪು ಎರಚುವುದು ಬೇಡ, ಮಣ್ಣು ಕೆಡುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಗ್ಗೆ ಅಡಿಯಲ್ಲಿ ಸೇರಿದ್ದನ್ನು ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಿ.

ಅಲಸಂಡೆಯ ಹೇನಿಗೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಕದಡಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬದನೆಯ ತುದಿ ಬಾಗಿ ಬಾಡಿದರೆ ಒಳಗೆ ಕಾಂಡಕೊರಕ ಇದೆ, ಎರಡು ಇಂಚು ಕೆಳಗೆ ಕತ್ತರಿಸಿ ಸುಡಿ. ಹಾಗಲ, ಹೀರೆಗೆ ಕಾಯಿನೊಣದ ಕಾಟ. ಹೂ ಉದುರಿದ ಎರಡು ದಿನದೊಳಗೆ ಕಾಯಿಗೆ ಕಾಗದದ ಚೀಲ ಕಟ್ಟುವುದೇ ಮನೆಮಟ್ಟಿಗೆ ಖಾತ್ರಿ ಉಪಾಯ. ಕೊಳೆತ ಕಾಯಿಯನ್ನು ಬುಡದಲ್ಲೇ ಬಿಟ್ಟರೆ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಬೆಂಡೆಯ ಎಲೆನರ ಹಳದಿಯಾದರೆ ಅದು ವೈರಸ್, ಆ ಗಿಡ ಕಿತ್ತುಬಿಡಿ. ಮಂಗ, ನವಿಲಿಗೆ ಹಳೆಯ ಮೀನುಬಲೆ ಒಂದು ಮಟ್ಟಕ್ಕೆ ಆದೀತು. ಪೂರ್ತಿ ತಡೆಯುತ್ತೇವೆ ಎನ್ನುವವರ ಮಾತು ನಂಬಬೇಡಿ.

ಜೊತೆಜೊತೆಗೆ ಮನೆಯ ಕೆಲಸ

ಅಂಗಳ: ಅಡಿಕೆ, ಭತ್ತ ಒಣಗಿಸುವ ಮಣ್ಣಿನ ಅಂಗಳವನ್ನು ಸ್ವಾತಿ ಮುಗಿಯುವಾಗ ಕೆತ್ತಿ, ನೀರು ಚಿಮುಕಿಸಿ, ಸಮ ಮಾಡಿ, ಚಪ್ಪಟೆ ಹಲಗೆಯಿಂದ ಬಡಿಯಿರಿ. ಎರಡು ದಿನ ಬಿಟ್ಟು ಬಿರುಕು ಕಂಡಲ್ಲಿ ಮತ್ತೆ ಬಡಿದು ಸಗಣಿ ಸಾರಿಸಿ. ಕಪ್ಪು ಬಣ್ಣಕ್ಕೆ ಹಳೆಯ ಟಾರ್ಚಿನ ಸೆಲ್ಲು ಒಡೆದು ಬೆರೆಸುವ ರೂಢಿ ಕೆಲವೆಡೆ ಇದೆ. ಅದರಲ್ಲಿ ಲೋಹದ ವಿಷವಿರುತ್ತದೆ, ನೀವು ಉಣ್ಣುವ ಭತ್ತ ಒಣಗುವುದು ಅದರ ಮೇಲೆಯೇ. ಗೆರಟೆ ಮಸಿ ಸಾಕು. ಸಿಮೆಂಟಿನ ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ತೊಳೆದ ನೀರು ಬಾವಿ ಕಡೆಗೋ ಮಡಿ ಕಡೆಗೋ ಹರಿಯದಂತೆ ನೋಡಿ.

ಅಟ್ಟ: ಬೂದುಗುಂಬಳ, ಸಿಹಿಗುಂಬಳವನ್ನು ಎರಡು ಇಂಚು ತೊಟ್ಟು ಬಿಟ್ಟು ಕೊಯ್ಯಿರಿ, ತೊಟ್ಟು ಹಿಡಿದು ಎತ್ತಬೇಡಿ. ಬೂದುಗುಂಬಳದ ಮೇಲಿನ ಬೂದಿ ಒರೆಸಬಾರದು, ಕಾಯಿ ಕೆಡದಂತೆ ಕಾಯುವ ಮೇಣ ಅದು. ಬಾಳೆನಾರಿನಲ್ಲಿ ಕಟ್ಟಿ ಒಂದಕ್ಕೊಂದು ತಾಗದಂತೆ ತೂಗುಹಾಕಿ. ತಿಂಗಳಿಗೊಮ್ಮೆ ತೊಟ್ಟಿನ ಬುಡ ಒತ್ತಿ ನೋಡಿ, ಮೆತ್ತಗಾದದ್ದು ಆ ದಿನವೇ ಹುಳಿಗೋ ಹಲ್ವಕ್ಕೋ ಹೋಗಲಿ.

ಬೀಜ: ಮಳೆಗಾಲದ ಬೆಂಡೆ, ಹೀರೆಯಲ್ಲಿ ಬೀಜಕ್ಕೆಂದು ಬಿಡಬೇಕಾದ್ದು ಗಿಡದ ಎರಡನೇ, ಮೂರನೇ ಕಾಯಿ. ಚೆನ್ನಾದದ್ದೆಲ್ಲ ತಿಂದು ಕೊನೆಯ ಸೊಟ್ಟಕಾಯಿ ಬೀಜಕ್ಕೆ ಬಿಡುವುದರಿಂದಲೇ ಊರತಳಿಗಳು ಕ್ಷೀಣಿಸುತ್ತವೆ. ಬೀಜ ಕಚ್ಚಿದರೆ ಟಕ್ಕೆಂದು ಒಡೆಯುವಷ್ಟು ಒಣಗಿಸಿ, ಬೂದಿ ಬೆರೆಸಿ, ಗಾಳಿಯಾಡದ ಬಾಟಲಿಯಲ್ಲಿ ಹೆಸರು, ತಿಂಗಳು ಬರೆದಿಡಿ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಗಿಡದ ಬೀಜ ಎತ್ತಿಡಬೇಡಿ, ಮುಂದಿನ ಬೆಳೆ ತಾಯಿಯಂತಿರುವುದಿಲ್ಲ.

ಸುವರ್ಣಗೆಡ್ಡೆ: ಎಲೆ ಹಳದಿಯಾದ ಕೂಡಲೇ ಅಗೆಯಬೇಡಿ, ದಂಟು ತಾನಾಗಿ ಒಣಗಿ ಬೀಳಲಿ. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಹಾರೆ ಹಾಕಿ ಎಬ್ಬಿಸಿ, ತೊಳೆಯದೆ ಮಣ್ಣು ಕೊಡವಿ, ನಾಲ್ಕೈದು ದಿನ ನೆರಳಿನಲ್ಲಿ ಹರಡಿ. ಗಾಯವಾದದ್ದನ್ನು ಮೊದಲು ಅಡುಗೆಗೆ ತೆಗೆಯಿರಿ, ಕೈ ತುರಿಸದಂತೆ ಹುಣಸೆ ನೀರು ಹಚ್ಚಿಕೊಂಡು ಹೆಚ್ಚಿ. ಬಿತ್ತನೆಗೆ ಇಡುವ ಗೆಡ್ಡೆಯ ನಡುವಿನ ಕಣ್ಣಿಗೆ ಪೆಟ್ಟು ತಾಗಿರಬಾರದು. ಶಿವರಾತ್ರಿ ಹೊತ್ತಿಗೆ ಅರ್ಧ ಕಿಲೋದ ಹೋಳುಗಳಾಗಿ, ಒಂದೊಂದರಲ್ಲೂ ಕಣ್ಣಿನ ಒಂದು ಪಾಲು ಬರುವಂತೆ ಕತ್ತರಿಸಿ ಸಗಣಿ ನೀರಿನಲ್ಲಿ ಅದ್ದಿ ನೆಡಿ. ಅಲ್ಲಿಯ ತನಕ ಗೆಡ್ಡೆ ಅಟ್ಟದ ಗಾಳಿಯಾಡುವ ಮೂಲೆಯಲ್ಲಿರಲಿ.